ಕಾನಾಕ್‌ಗೆ ಒಂದೇ ಗಂಟೆ

ಗ್ರೀಸ್ ಫಿಯರ್ಡ್, ಕೆನಡಾ,
ಏಪ್ರಿಲ್ ಕೊನೆಯ ಶನಿವಾರ (ಜೊವೇಲಿ ಶುಕ್ರವಾರ ಅನ್ನುತ್ತಾನೆ)

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕಾಲು ಊದಿಕೊಂಡಿದೆ ಎಂದು ಹೋದ ಸಲ ಫೋನಿನಲ್ಲಿ ಹೇಳಿದ್ದೆಯಲ್ಲ, ಇಳಿಯಿತೇ? ಅಂಗಡಿಯ ಉಪ್ಪು ತಿಂಡಿಗಳನ್ನು ಮುಟ್ಟಬೇಡ. ಸೀಲ್ ಮಾಂಸದ ಸಾರನ್ನು ಬಿಸಿಬಿಸಿಯಾಗಿ ಕುಡಿದು ಮಲಗು. ಬಾಗಿಲಲ್ಲಿ ನಿಂತು ಹರಟೆ ಹೊಡೆಯುವ ಚಾಳಿ ನಿನಗೆ ಮೊದಲಿನಿಂದಲೂ ಇದೆ, ಈಗ ಅದು ಬೇಡವೇ ಬೇಡ. ಹೊರಗೆ ಹೋಗುವುದಾದರೆ ಸರ್ರನೆ ಹೋಗಿಬಿಡು, ಒಳಗೆ ಬರುವುದಾದರೆ ಸರ್ರನೆ ಬಂದುಬಿಡು. ಬಸುರಿ ಹೊಸ್ತಿಲಲ್ಲಿ ತಡೆದು ನಿಂತರೆ ಮಗುವೂ ಹಾಗೆಯೇ ತಡೆದು ನಿಲ್ಲುತ್ತದೆ. ನಿನ್ನ ಗಂಡ ಇಮಿನಾಗೆ ಹೇಳು, ಬೇಟೆ ಎಲ್ಲಿಗೂ ಓಡಿಹೋಗುವುದಿಲ್ಲ, ಈ ಒಂದು ವಾರ ಮನೆಯ ಹತ್ತಿರವೇ ಇರಲಿ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ, ಕಣ್ಣು ಪರವಾಗಿಲ್ಲ, ಹಲ್ಲು ಉಳಿದಷ್ಟು ಉಳಿದಿವೆ. ತಲೆ ಮಾತ್ರ ಎರಡು ವಾರದಿಂದ ಗೊಂದಲದ ಗೂಡಾಗಿದೆ. ಅದನ್ನು ನಿನಗೆ ಬರೆದು ಹಗುರಾಗೋಣ ಎಂದು ಕುಳಿತಿದ್ದೇನೆ, ಬರೆಯುತ್ತ ಬರೆಯುತ್ತ ಇನ್ನಷ್ಟು ಗೊಂದಲವಾದರೆ ಬೇಸರ ಮಾಡಿಕೊಳ್ಳಬೇಡ.

ಎಪ್ಪತ್ತು ದಾಟಿದ ಮುದುಕಿ ತನ್ನ ಮೊಮ್ಮಗಳನ್ನು ಅಮ್ಮಾ ಎಂದು ಕರೆದರೆ ನಮ್ಮ ಊರಿನಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ. ನನ್ನ ಅಮ್ಮ ನಿವಿಯಾಕ್ ಹೋದಮೇಲೆ ಆ ಹೆಸರು ಎಷ್ಟೋ ವರ್ಷ ಯಾರಿಗೂ ಸಿಗದೆ ಕಾದಿತ್ತು. ನೀನು ಹುಟ್ಟಿದೆ, ಹೆಸರು ನಿನಗೆ ಬಂತು, ಹೆಸರಿನ ಜೊತೆ ಅವಳೂ ಬಂದಳು. ನನ್ನ ಮಗನೂ ಸೊಸೆಯೂ ನಿನ್ನನ್ನು ತಂದು ನನ್ನ ಮಡಿಲಿಗೆ ಹಾಕಿ, ತಗೋ ನಿಮ್ಮಮ್ಮನ್ನ, ನೀನೇ ಸಾಕು ಎಂದರು. ಸಾಕಿದೆ. ಮೂರು ವರ್ಷದವಳಿದ್ದಾಗಲೇ ಸೊಂಟದ ಮೇಲೆ ಕೈಯಿಟ್ಟು, ಕೈಚೀಲ ಹಾಕ್ಕೊಳ್ದೆ ಎಲ್ಲಿಗೆ ಹೊರಟೆ ನೀನು ಎಂದು ನನ್ನನ್ನು ಗದರುತ್ತಿದ್ದೆ. ನಿನ್ನ ಅಜ್ಜ ಊಲಯುಕ್ ಪಾಪ, ನಿನ್ನನ್ನು ಅತ್ತೆ ಎಂದೇ ಕರೆದು, ನಾರ್ವಾಲ್ ತಿಮಿಂಗಿಲದ ತೊಗಲಿನಲ್ಲಿ ಒಳ್ಳೆಯ ತುಂಡನ್ನು ಹೆದರಿಕೊಂಡೇ ನಿನಗೆ ಎತ್ತಿಡುತ್ತಿದ್ದ. ಇದೆಲ್ಲ ನಿನಗೆ ಗೊತ್ತು, ನನಗೆ ಗೊತ್ತು, ನಿಮ್ಮ ಕಾನಾಕ್‌ನವರಿಗೂ ಗೊತ್ತು. ಗೊತ್ತಿಲ್ಲದವರೊಬ್ಬರು ಫೋನಿನಲ್ಲಿ ಸಿಕ್ಕಿದ್ದರಿಂದ ಇಷ್ಟೆಲ್ಲ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮಗು ಬರುವ ಹೊತ್ತಿಗೆ ನಾನು ನಿನ್ನ ಪಕ್ಕದಲ್ಲಿರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಇಲ್ಲಿಯವಳಾಗಿದ್ದರೆ ನಿನ್ನನ್ನು ತಿಂಗಳು ಮೊದಲೇ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹತ್ತಿಸಿ ಕಳಿಸುತ್ತಿದ್ದರು. ನಿಮ್ಮಲ್ಲಿ ಊರಿನ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸುತ್ತಾರೆ ಎಂದಾಗ ನನಗೆ ಸಂತೋಷವಾಗಿತ್ತು, ಹಾಗಾದರೆ ನಾನೇ ಬಂದುಬಿಡುತ್ತೇನೆ ಎಂದೆ. ಮಾತು ಕೊಡುವಾಗ ಕಾನಾಕ್ ಎಷ್ಟು ದೂರ ಎಂದು ನನಗೆ ಗೊತ್ತಿತ್ತು ಎಂದೇ ಅಂದುಕೊಂಡಿದ್ದೆ. ನೀರಿನ ಆಚೆ ಗ್ರೀನ್‌ಲ್ಯಾಂಡಿನ ದಡ, ಅಷ್ಟೇ. ನಮ್ಮ ಹಿರಿಯರು ನಾಯಿಬಂಡಿಯಲ್ಲಿ ಹೋಗಿ ಹೆಣ್ಣು ತಂದ ದಡ. ಈಗ ಕೇಳಿದರೆ ಅದು ಎಷ್ಟು ದೂರ ಎಂದು ನಾನು ಹೇಳಲಾರೆ.

ಶುರುವಾದದ್ದು ಜೊವೇಲಿಯಿಂದ. ಅವನು ಈಗಲೂ ನಮ್ಮ ವಿಮಾನಪಟ್ಟಿಯ ರೇಡಿಯೋ ನೋಡಿಕೊಳ್ಳುತ್ತಿದ್ದಾನೆ, ಹೊಟ್ಟೆ ಇನ್ನೂ ಮುಂದೆ ಬಂದಿದೆ. ನಿನ್ನನ್ನೂ ಅವನನ್ನೂ ಅಕ್ಕಪಕ್ಕ ನಿಲ್ಲಿಸಿದರೆ ದಾದಿಯರು ಯಾರನ್ನು ಮೊದಲು ಒಳಗೆ ಕರೆದೊಯ್ಯುತ್ತಾರೋ ಹೇಳಲಾಗದು. ಒಂದು ಸಂಜೆ ಟೀ ಕುಡಿಯಲು ಬಂದವನು ಜೇಬಿನಿಂದ ಫೋನ್ ತೆಗೆದು, ಇರು ದೊಡ್ಡಮ್ಮ, ಎಷ್ಟು ದೂರ ಅಂತ ಇದನ್ನೇ ಕೇಳಿಬಿಡಾಣ ಎಂದು ಎರಡು ಏರ್‌ಪೋರ್ಟುಗಳ ಹೆಸರು ಒತ್ತಿದ. ಒತ್ತಿದ ತಕ್ಷಣ ಉತ್ತರ ಬಂತು. ಮುನ್ನೂರ ಅರವತ್ತು ಕಿಲೋಮೀಟರಿನ ಆಸುಪಾಸು, ವಿಮಾನದಲ್ಲಿ ಸುಮಾರು ಒಂದು ಗಂಟೆ. ಜೊತೆಗೆ ಒಂದು ಚಿತ್ರ. ಇಲ್ಲಿ ನಾವು, ಅಲ್ಲಿ ನೀನು, ನಡುವೆ ಒಂದು ನೀಲಿ ಗೆರೆ, ಹೊಲಿಯುವಾಗ ನರದ ದಾರವನ್ನು ಎಳೆದು ಬಿಗಿ ಹಿಡಿದ ಹಾಗೆ ನೆಟ್ಟಗೆ. ಒಂದು ಗಂಟೆ! ಅಷ್ಟರಲ್ಲಿ ನನ್ನ ಸಾರು ಕೂಡ ಬೇಯುವುದಿಲ್ಲ. ಜೊವೇಲಿ ಹೋದಮೇಲೆ ಕುಣಿದಾಡಿಬಿಡೋಣ ಅನ್ನಿಸಿತು, ಮಂಡಿ ಒಪ್ಪಲಿಲ್ಲ. ನಿನಗೆಂದು ಹೊಲಿದಿದ್ದ, ಮಗುವನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವ ಟೊಪ್ಪಿಗೆಯ ಕೋಟು ಅಮೌಟಿಯನ್ನು ಮಡಿಸಿ ಚೀಲಕ್ಕೆ ಹಾಕಿದೆ. ಅದರ ಮೇಲೆ ಒಣಮೀನು ಇಟ್ಟೆ, ಆಮೇಲೆ ವಾಸನೆ ಹತ್ತುತ್ತದೆ ಎಂದು ತೆಗೆದೆ, ಆಮೇಲೆ ಹತ್ತಿದರೆ ಹತ್ತಲಿ ಎಂದು ಮತ್ತೆ ಇಟ್ಟೆ.

ಮರುದಿನ ಬೆಳಿಗ್ಗೆಯೇ ಚೀಲ ಹೊತ್ತು ವಿಮಾನಪಟ್ಟಿಗೆ ಹೋಗಿ, ಕಾನಾಕ್‌ಗೆ ಒಂದು ಟಿಕೆಟ್ ಕೊಡೋ ಎಂದೆ. ಜೊವೇಲಿ ನನ್ನನ್ನು ನೋಡಿದ, ಚೀಲವನ್ನು ನೋಡಿದ, ಹಣೆ ಒತ್ತಿಕೊಂಡ. ದೊಡ್ಡಮ್ಮ, ಗೆರೆ ಇದೆ ಕಣೆ, ಗೆರೆ ಮೇಲೆ ವಿಮಾನ ಇಲ್ಲ ಎಂದ. ಇಲ್ಲದೆ ಇರೋ ವಿಮಾನಕ್ಕೆ ಒಂದೇ ಗಂಟೆ ಹಿಡಿಯತ್ತೆ ಅಂತ ಹೇಗೋ ಗೊತ್ತಾಯ್ತು ಎಂದು ಕೇಳಿದೆ. ಅದು ಲೆಕ್ಕ ಹಾಕಿ ಹೇಳತ್ತೆ ಎಂದ. ಯಾರೂ ಹೋಗದೆ ಇರೋ ದಾರೀಲಿ ಆ ಒಂದು ಗಂಟೆ ಯಾರಿಗಾಗತ್ತೆ, ಹಕ್ಕೀಗಾ ಎಂದೆ. ಹಕ್ಕಿಗೆ ಇನ್ನೂ ಜಾಸ್ತಿ ಆಗತ್ತೆ ದೊಡ್ಡಮ್ಮ ಎಂದ ಆ ಮಹಾರಾಯ. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಏರಿತು ಎಂದು ತಿಳಿಯದೆ ಅಲ್ಲೇ ಬೆಂಚಿನ ಮೇಲೆ ಕುಳಿತೆ. ಅವನು ಟೀ ತಂದುಕೊಟ್ಟು, ನಿಜವಾದ ದಾರಿ ಹೇಳಿದ.

ನಿಜವಾದ ದಾರಿ ಹೀಗಂತೆ. ಇಲ್ಲಿಂದ ಚಿಕ್ಕ ವಿಮಾನದಲ್ಲಿ ರೆಸೊಲ್ಯೂಟ್. ಅದು ನೀನಿರುವ ದಿಕ್ಕಿಗೆ ಸರಿಯಾಗಿ ಬೆನ್ನು ಹಾಕಿದ ದಿಕ್ಕು. ಅಲ್ಲಿಂದ ಕೆಳಗೆ ಇಕಾಲುಯಿಟ್, ಇನ್ನೂ ಕೆಳಗೆ ಮರಗಳಿರುವ ಆಟವಾ ಪಟ್ಟಣ. ಅಲ್ಲಿಂದ ಸಮುದ್ರ ದಾಟಿ ಡೆನ್ಮಾರ್ಕು. ಡೆನ್ಮಾರ್ಕಿನಿಂದ ಅದೇ ಸಮುದ್ರವನ್ನು ಹಿಂದಕ್ಕೆ ದಾಟಿ ಗ್ರೀನ್‌ಲ್ಯಾಂಡು, ಅಲ್ಲಿ ಕರಾವಳಿಯ ಊರೂರಿಗೆ ಇಳಿಯುತ್ತ ಹತ್ತುತ್ತ ಮೇಲೆ ಬಂದು, ಹವಾಮಾನ ಮನಸ್ಸು ಮಾಡಿದರೆ ಕಾನಾಕ್. ಉತ್ತರಕ್ಕೆ ಬರಲು ದಕ್ಷಿಣಕ್ಕೆ ಹೋಗಬೇಕು, ಪಕ್ಕದ ಮನೆಗೆ ಹೋಗಲು ಲೋಕವನ್ನೇ ಸುತ್ತಬೇಕು. ಸುತ್ತಿ ಬಳಸಿ ಮೂಗು ಹಿಡಿಯುವುದನ್ನು ಕೇಳಿದ್ದೆ, ಮೂಗನ್ನು ಹಿಡಿಯಲು ಊರು ಬಿಟ್ಟು ಹೋಗುವುದನ್ನು ಕೇಳಿರಲಿಲ್ಲ. ಎಲ್ಲ ಸರಿಹೋದರೆ ಒಂದು ವಾರ, ಒಂದು ಕಡೆ ಮಂಜು ಕವಿದರೆ ಎರಡು ವಾರ ಎಂದ. ಹಾಗಾದ್ರೆ ನಿವಿಯಾಕ್ ಒಂದು ಗಂಟೆ ದೂರದಲ್ಲಿದ್ದಾಳೋ ಎರಡು ವಾರ ದೂರದಲ್ಲಿದ್ದಾಳೋ, ಒಂದು ಹೇಳು ಎಂದೆ. ಎರಡೂ ನಿಜ ದೊಡ್ಡಮ್ಮ ಎಂದ. ಎರಡೂ ನಿಜವಾಗುವುದು ಹೇಗೆ ಎಂದು ನಾನು ಆ ದಿನ ಪೂರ್ತಿ ಯೋಚಿಸಿದೆ.

ಇಷ್ಟು ಸಾಲದು ಎಂದು ಗಡಿಯಾರದ ತಕರಾರು ಬೇರೆ. ನಿಮ್ಮ ಗಡಿಯಾರ ನಮ್ಮದಕ್ಕಿಂತ ಎರಡು ಮೂರು ಗಂಟೆ ಮುಂದೆ ಓಡುತ್ತದಂತಲ್ಲ. ಆ ಇಲ್ಲದ ವಿಮಾನದಲ್ಲಿ ನಾನು ನಿನ್ನನ್ನು ನೋಡಿ ವಾಪಸು ಹೊರಟರೆ, ಹೊರಟ ಹೊತ್ತಿಗಿಂತ ಮೊದಲೇ ಇಲ್ಲಿ ಇಳಿದಿರುತ್ತೇನಂತೆ. ನಾನು ಮನೆಯಲ್ಲಿ ಕೂತು ಟೀ ಕುಡಿಯುತ್ತಿರುವಾಗ ಅಲ್ಲಿ ನಿನ್ನನ್ನು ತಬ್ಬಿಕೊಂಡು ಹೋಗಿ ಬರ್ತೀನಮ್ಮಾ ಅನ್ನುತ್ತಿರುವವಳು ಯಾರು? ಜೊವೇಲಿಯನ್ನು ಕೇಳಿದರೆ, ಅದನ್ನೆಲ್ಲ ತಲೆಗೆ ಹಚ್ಕೋಬೇಡ, ಎಲ್ಲರೂ ಹಾಗೇ ಬದುಕ್ತಿದ್ದಾರೆ ಎಂದ. ಹಾಗೇ ಬದುಕುತ್ತಿದ್ದಾರೇನೋ, ನನಗೆ ಗೊತ್ತಿಲ್ಲ.

ನಿನ್ನ ಅಜ್ಜನಿದ್ದಿದ್ದರೆ ಕೇಳಬಹುದಿತ್ತು. ಅವನು ಮದುವೆಗೆ ಮೊದಲು ನಾಯಿಬಂಡಿಯಲ್ಲಿ ಆ ದಡಕ್ಕೆ ಹೋಗಿ ಬಂದವನು. ಎಷ್ಟು ದೂರ ಎಂದರೆ ಎಷ್ಟು ಸಲ ಮಲಗಿ ಎದ್ದೆವು ಎಂದು ಹೇಳುತ್ತಿದ್ದ, ನಮ್ಮವರೆಲ್ಲ ಹೇಳುವಂತೆ. ಆದರೆ ಒಂದು ಸಲ ಎಂಟು ನಿದ್ದೆ ಅನ್ನುತ್ತಿದ್ದ, ಒಂದು ಸಲ ನಾಲ್ಕು. ಏನಯ್ಯಾ ನಿನ್ನ ಲೆಕ್ಕ ಎಂದು ಹಂಗಿಸಿದರೆ, ನಿದ್ದೆ ಸರಿಯಾಗಿ ಬಂದದ್ದನ್ನ ಮಾತ್ರ ಎಣಿಸೋದು ಎಂದು ಮುಖ ಗಂಟಿಕ್ಕುತ್ತಿದ್ದ. ಈಗ ಅವನಿದ್ದರೂ ಆ ದಾರಿಯಲ್ಲಿ ಹೋಗಲಾಗುತ್ತಿರಲಿಲ್ಲ, ನಡುವಿನ ನೀರು ಚಳಿಗಾಲದಲ್ಲೂ ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ. ಕಳೆದ ಶರತ್ಕಾಲದಲ್ಲಿ ಅವನು ತೀರಿಕೊಂಡಾಗ ನೀನು ಫೋನಿನಲ್ಲಿ ಅಳುತ್ತಲೇ, ನನ್ನ ಮಗೂಗೆ ಅಜ್ಜನ ಹೆಸರೇ ಎಂದೆ. ನಾನೂ ಹೂಂ ಎಂದೆ. ನಿನ್ನ ಅತ್ತೆ ಅಮಾಲಿಯೆ ಕೂಡ, ನಮ್ಮ ಕಡೆ ಹೋದವರ ಹೆಸರೇ ಇಡೋದು, ಅದರಲ್ಲೂ ಈಚೆಗೆ ಹೋದವರದ್ದಾದರೆ ಒಳ್ಳೇದು ಎಂದು ಒಪ್ಪಿದಳು. ಅಂದಿನಿಂದ ನಿನ್ನ ಹೊಟ್ಟೆಯಲ್ಲಿರುವುದು ಊಲಯುಕ್ ಎಂದೇ ನಾನು ಹೇಳುತ್ತ ಬಂದಿದ್ದೇನೆ. ಇದನ್ನು ನೆನಪಿಟ್ಟುಕೋ, ಮುಂದಿನದು ಅರ್ಥವಾಗಲು ಬೇಕು.

ದಾರಿ ಉದ್ದವಾದರೇನು, ಹೋಗೇ ತೀರುತ್ತೇನೆ ಎಂದು ಹಟ ಹಿಡಿದೆ. ಆಗ ನಿನಗೆ ಇನ್ನೂ ಮೂರು ವಾರವಿತ್ತು. ಹೆರಿಗೆ, ಸಾವು ಎಂದರೆ ತುಂಬಿದ ವಿಮಾನದಲ್ಲೂ ಒಂದು ಜಾಗ ಮಾಡಿಕೊಡುತ್ತಾರೆ, ಆದರೆ ಸಂಬಂಧ ಏನೆಂದು ಫೋನಿನಲ್ಲಿ ಹೇಳಬೇಕು. ಜೊವೇಲಿ ಸಂಖ್ಯೆ ಒತ್ತಿ ಕೊಟ್ಟು, ವಿಮಾನವೊಂದು ಇಳಿಯುತ್ತಿದೆ ಎಂದು ಹೊರಗೆ ಓಡಿದ. ಆಚೆಯ ಹೆಂಗಸಿನ ಧ್ವನಿ ಸಕ್ಕರೆಯಂತಿತ್ತು. ಯಾರಿಗೆ ಹೆರಿಗೆ ಎಂದಳು. ನಮ್ಮಮ್ಮಂಗೆ ಎಂದೆ. ನಿಮ್ಮ ವಯಸ್ಸೆಷ್ಟು ಎಂದಳು. ಎಪ್ಪತ್ತು ದಾಟಿ ಆಯ್ತು ಎಂದೆ. ಆಮೇಲೆ ಇನ್ನೂ ಮೆತ್ತಗೆ, ನಿಮ್ಮಮ್ಮನ ವಯಸ್ಸು ಹೇಳ್ತೀರಾ ಎಂದಳು. ಇಪ್ಪತ್ಮೂರು ಎಂದೆ. ಮನೆಯಲ್ಲಿ ನಿಮ್ಮ ಜೊತೆ ಬೇರೆ ಯಾರಾದರೂ ಇದ್ದಾರಾ ಅಜ್ಜಿ, ಗಂಡ ಇದ್ದಾರಾ ಎಂದಳು. ಗಂಡ ಇದ್ದಾನೆ, ಆದ್ರೆ ಇನ್ನೂ ಹುಟ್ಟಿಲ್ಲ ಎಂದೆ.

ನಗಬೇಡ, ಹೊಟ್ಟೆ ಹಿಡಿದುಕೊಂಡು ನಗುವ ಸ್ಥಿತಿಯಲ್ಲಿ ನೀನಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದೆ, ತಪ್ಪೇನು? ಜೊವೇಲಿ ಒಳಗೆ ಬಂದು ವಿಷಯ ಕೇಳಿ ತಲೆ ಚಚ್ಚಿಕೊಂಡ. ಮೊಮ್ಮಗಳು ಅನ್ನೋಕೆ ನಿನಗೇನಾಗಿತ್ತೇ ದೊಡ್ಡಮ್ಮ ಎಂದು ಕೂಗಾಡಿದ. ಸುಳ್ಳು ಹೇಳಿ ಟಿಕೆಟ್ ತಗೊಳ್ಲೇನೋ ಎಂದು ನಾನೂ ಕೂಗಾಡಿದೆ. ಅವನು ಮತ್ತೆ ಫೋನ್ ಮಾಡಿ ಏನೇನೋ ಸಮಜಾಯಿಷಿ ಹೇಳಿದ. ಆದರೆ ಅವರು ಬರೆದುಕೊಂಡಾಗಿತ್ತು. ಈ ಅಜ್ಜಿಯ ಬುದ್ಧಿ ನೆಟ್ಟಗಿದೆ, ಒಬ್ಬಳೇ ಪ್ರಯಾಣ ಮಾಡಬಲ್ಲಳು ಎಂದು ಊರಿನ ದಾದಿಯಿಂದ ಕಾಗದ ಬರಬೇಕು, ಆಮೇಲೆ ನೋಡೋಣ ಎಂದರು.

ದಾದಿ ಡೋರೀನ್ ದಕ್ಷಿಣದವಳು, ಬಂದು ಒಂದು ತಿಂಗಳೂ ಆಗಿಲ್ಲ, ಒಳ್ಳೆಯ ಹುಡುಗಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಶುರು ಮಾಡಿದಳು. ಈಗ ಹಗಲೋ ರಾತ್ರಿಯೋ ಎಂದು ಕೇಳಿದಳು. ಏಪ್ರಿಲ್ ಕೊನೆಯಲ್ಲಿ ಈ ಪ್ರಶ್ನೆಯನ್ನು ನಮ್ಮ ಊರಲ್ಲಿ ಕೇಳುವವರ ಬುದ್ಧಿಯನ್ನೇ ಮೊದಲು ನೋಡಿಸಬೇಕು. ಸೂರ್ಯ ಮುಳುಗದೆ ಗುಡ್ಡದ ಸುತ್ತ ತಿರುಗುತ್ತಿದ್ದಾನೆ, ನಿಂಗೆ ಯಾವುದು ಬೇಕೋ ಅದನ್ನ ಇಟ್ಕೋ ಎಂದೆ. ಆಮೇಲೆ ಒಂದು ಗಡಿಯಾರ ಬರೆದು ಹನ್ನೊಂದು ಗಂಟೆ ತೋರಿಸಿ ಅಂದಳು. ನಮ್ಮ ಹನ್ನೊಂದಾ, ನಿವಿಯಾಕ್‌ದಾ ಎಂದು ಕೇಳಿದೆ. ಯಾವುದಕ್ಕೂ ಇರಲಿ ಎಂದು ಎರಡು ಜೊತೆ ಮುಳ್ಳು ಬರೆದುಕೊಟ್ಟೆ. ನಿಮ್ಮ ತಾಯಿ ಹುಟ್ಟಿದ್ದು ಯಾವಾಗ ಎಂದಳು. ಯಾವ ಸಲ ಎಂದೆ. ಪಾಪ, ಅವಳು ಪೆನ್ನು ಕೆಳಗಿಟ್ಟು, ಅಜ್ಜಿ, ಅಲ್ಲೂ ಆಸ್ಪತ್ರೆ ಇದೆ, ಗಂಡನ ಮನೆಯವರು ಇದ್ದಾರೆ, ನೀವು ಹೋಗಲೇಬೇಕು ಅಂತ ಯಾಕಿಷ್ಟು ಹಟ ಮಾಡ್ತಿದ್ದೀರಿ ಎಂದು ಕೇಳಿದಳು. ಪರೀಕ್ಷೆಯ ಪ್ರಶ್ನೆಯಲ್ಲ ಅದು, ಮನಸ್ಸಿನಿಂದಲೇ ಕೇಳಿದ್ದು. ಹಾಗಾಗಿ ಹೇಳಿದೆ. ನಿನಗೂ ಇದನ್ನು ಸರಿಯಾಗಿ ಹೇಳಿಲ್ಲ, ಚೂರುಪಾರು ಕೇಳಿರುತ್ತೀಯ. ಬಸುರಿಗೆ ಹೇಳುವ ಮಾತಲ್ಲ, ಆದರೂ ಬರೆಯುತ್ತೇನೆ, ಹೆದರಬೇಡ.

ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಒಂದು ಸಲ ದೊಡ್ಡ ಹಡಗು ಬರುತ್ತಿತ್ತು. ಕ್ಷಯ ಇದೆಯೇ ಎಂದು ಅದರೊಳಗೆ ಎಲ್ಲರ ಎದೆಯ ಚಿತ್ರ ತೆಗೆಯುತ್ತಿದ್ದರು. ನನ್ನ ಎದೆಯಲ್ಲಿ ಏನೋ ಕಲೆ ಕಂಡಿತಂತೆ, ಹಡಗಿನಿಂದ ನನ್ನನ್ನು ಕೆಳಗಿಳಿಸಲೇ ಇಲ್ಲ. ಅಮ್ಮ ದಡದಲ್ಲಿ ನಿಂತಿದ್ದಳು, ಹಡಗು ತಿರುಗಿತು, ಅಷ್ಟೇ. ದಕ್ಷಿಣದ ಆಸ್ಪತ್ರೆಯೊಂದರಲ್ಲಿ ಎರಡು ಚಳಿಗಾಲ ಮಲಗಿಸಿದರು. ನಮ್ಮೂರು ಎಷ್ಟು ದೂರ ಎಂದು ಅಲ್ಲಿ ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ, ಯಾರೂ ಗೊತ್ತಿದೆ ಅನ್ನಲಿಲ್ಲ. ಕೊನೆಗೆ ಅದೇ ಹಡಗು ನನ್ನನ್ನು ವಾಪಸು ತಂದು ಇಳಿಸಿತು. ದಡದಲ್ಲಿ ನಿಂತಿದ್ದ ಹೆಂಗಸರ ಮುಖವನ್ನೆಲ್ಲ ಒಂದೊಂದಾಗಿ ನೋಡುತ್ತ ಓಡಿದೆ. ಈ ತುದಿಯಿಂದ ಆ ತುದಿಗೆ ಹೋಗಿ, ಎಲ್ಲೋ ತಪ್ಪಿಸಿಕೊಂಡೆ ಎಂದು ಮತ್ತೆ ಮೊದಲಿನಿಂದ ನೋಡಿಕೊಂಡು ಬಂದೆ. ಆಮೇಲೆ ಅಪ್ಪ ನನ್ನ ಕೈ ಹಿಡಿದು, ಹೆರಿಗೇಲಿ ಹೋದ್ಲು, ಮಗೂನೂ ಉಳೀಲಿಲ್ಲ ಎಂದ. ಸಾಯುವ ಮೊದಲು ನನ್ನ ಹೆಸರು ಕೂಗಿದಳಂತೆ, ತಿರಿಯಾಕ್ ಎಲ್ಲಿ, ಬಂದ್ಲಾ ಎಂದು. ಅಷ್ಟು ದಿನವೂ ನಾನು ಅವಳು ಇದ್ದಾಳೆ ಎಂದುಕೊಂಡೇ ದಾರಿ ಎಣಿಸುತ್ತಿದ್ದೆ. ನೀನು ಎಷ್ಟು ಗಟ್ಟಿಗಿತ್ತಿಯಾದರೂ, ಆಸ್ಪತ್ರೆ ಎಷ್ಟು ಚೆನ್ನಾಗಿದ್ದರೂ, ನೀನು ಬಸುರಿ ಎಂದು ಹೇಳಿದ ದಿನದಿಂದ ನನಗೆ ನೆಮ್ಮದಿಯಾಗಿ ಉಸಿರಾಡಲು ಆಗಿಲ್ಲ. ಹೆದರಿಕೆ ಅಮ್ಮಾ, ಬೇರೇನೂ ಅಲ್ಲ.

ಡೋರೀನ್ ಕಣ್ಣೊರೆಸಿಕೊಂಡು, ನನ್ನ ಗಡಿಯಾರದ ಚಿತ್ರದ ಕೆಳಗೇ, ಇವರ ಬುದ್ಧಿ ನನ್ನ ಬುದ್ಧಿಗಿಂತ ಚೆನ್ನಾಗಿದೆ ಎಂದು ಬರೆದು ಕಳಿಸಿದಳಂತೆ. ಆದರೆ ಅಷ್ಟು ಹೊತ್ತಿಗೆ ಆ ವಾರದ ವಿಮಾನ ಹೋಗಿಯಾಗಿತ್ತು. ಮುಂದಿನದು ಬರಬೇಕಾದ ದಿನ ಗಾಳಿ ಎದ್ದಿತು. ಗೊತ್ತಲ್ಲ ನಮ್ಮ ಗುಡ್ಡದ ಗಾಳಿ, ವಿಮಾನ ತಲೆಯ ಮೇಲೆ ಎರಡು ಸುತ್ತು ಹಾಕಿ, ರೆಕ್ಕೆ ಆಡಿಸಿ, ಇಳಿಯದೆ ಹೋಯಿತು. ನಾನು ಚೀಲ ಹಿಡಿದು ಕೆಳಗೆ ನಿಂತಿದ್ದೆ. ಮಾರನೆಯ ದಿನವೂ ಹಾಗೇ. ಈಗ ಹೊರಟರೂ ನಾನು ಡೆನ್ಮಾರ್ಕಿನಲ್ಲೋ ಇನ್ನೆಲ್ಲೋ ಬೆಂಚಿನ ಮೇಲೆ ಕುಳಿತಿರುವಾಗ ನಿನಗೆ ನೋವು ಬಂದಿರುತ್ತದೆ. ಇಲ್ಲಿದ್ದರಾದರೂ ಒಂದು ಗಂಟೆಯ ದೂರದಲ್ಲಿರುತ್ತೇನೆ, ಹೊರಟರೆ ಇನ್ನೂ ದೂರವಾಗುತ್ತೇನೆ. ಹೋಗುವುದು ಹತ್ತಿರವೋ ಉಳಿಯುವುದು ಹತ್ತಿರವೋ ಎಂದು ಜೊವೇಲಿಯನ್ನು ಕೇಳಿದೆ. ಅವನು ತನ್ನ ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು, ನನ್ನ ಚೀಲವನ್ನು ಮನೆಯವರೆಗೆ ಹೊತ್ತು ತಂದುಕೊಟ್ಟ.

ಇನ್ನು ಇವತ್ತಿನ ಸುದ್ದಿ. ಬೆಳಿಗ್ಗೆ ಗಾಳಿ ನಿಂತಿತು, ಒಂದು ಕೆಂಪು ಬಾಲದ ವಿಮಾನ ಬಂದು ಇಳಿಯಿತು. ಹಿಮನದಿ ಎಷ್ಟು ಕರಗಿದೆ ಎಂದು ಅಳೆಯುವವರು ಬಾಡಿಗೆಗೆ ತಂದ ವಿಮಾನ. ಇಂಧನ ತುಂಬಿಸಿಕೊಂಡು ಮುಂದೆ ಹೋಗುತ್ತಾರೆ. ಎಲ್ಲಿಗಪ್ಪಾ ಎಂದು ಪೈಲಟ್‌ನನ್ನು ಕೇಳಿದೆ. ಕಾನಾಕ್‌ಗೆ ಅಂದ. ಹೇಗೆ ಹೋಗ್ತೀಯಾ, ಡೆನ್ಮಾರ್ಕ್ ಸುತ್ಕೊಂಡಾ ಎಂದೆ. ಅವನು ನಕ್ಕು ಕೈಯನ್ನು ನೆಟ್ಟಗೆ ಪೂರ್ವಕ್ಕೆ ಚಾಚಿ, ಒಂದು ಗಂಟೆ, ಈ ವಿಮಾನಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಎಂದ. ಹಾಗಾದರೆ ಗೆರೆಯ ಮೇಲೆ ವಿಮಾನ ಇದೆ! ಮನೆಗೆ 'ಓಡಿದೆ' ಎಂದು ಬರೆದರೆ ನೀನು ನಂಬುವುದಿಲ್ಲ, ಆದರೂ ಓಡಿದೆ. ಚೀಲ ತಂದು ಅವನ ಮುಂದೆ ಇಟ್ಟೆ. ಅವನ ಮುಖ ಸಪ್ಪಗಾಯಿತು. ಅಳೆಯುವವರು, ಅವರ ಪೆಟ್ಟಿಗೆಗಳು, ಒಂದು ಸೀಟೂ ಇಲ್ಲ, ಇದ್ದರೂ ಇನ್ನೊಂದು ದೇಶಕ್ಕೆ ಹೊರಗಿನವರನ್ನು ಹತ್ತಿಸಿಕೊಂಡು ಹೋದರೆ ನನ್ನ ಕೆಲಸ ಹೋಗುತ್ತದೆ ಎಂದ. ಹೊರಗಿನವರು ಯಾರಪ್ಪಾ, ನಮ್ಮಮ್ಮನ ಮನೆಗೆ ಹೋಗ್ತಿರೋಳು ನಾನು ಎಂದೆ. ಪೆಟ್ಟಿಗೆಯ ಮೇಲೆ ಕೂತ್ಕೋತೀನಿ, ನಿಂತ್ಕೊಂಡೇ ಬರ್ತೀನಿ, ಉಸಿರೂ ಬಿಡಲ್ಲ ಎಂದೆ. ಅಂಗಲಾಚಿದೆ ಅಮ್ಮಾ, ನಾಚಿಕೆ ಬಿಟ್ಟು ಅಂಗಲಾಚಿದೆ. ಅವನು ಕೆಟ್ಟವನಲ್ಲ, ತಲೆ ತಗ್ಗಿಸಿ ನಿಂತಿದ್ದ. ಕಾಗದ ಒಯ್ಯಬಲ್ಲೆ, ಬಟ್ಟೆ ಒಯ್ಯಬಲ್ಲೆ, ನಿಮ್ಮನ್ನು ಒಯ್ಯಲಾರೆ ಎಂದ.

ಹಾಗಾಗಿ ವಿಮಾನಪಟ್ಟಿಯ ಕೋಣೆಯಲ್ಲಿ, ಜೊವೇಲಿಯ ಮೇಜಿನ ಮೇಲೆ, ಅವನ ಬಿಸ್ಕತ್ತಿನ ಪುಡಿಯನ್ನು ಒರೆಸಿ ಬರೆಯುತ್ತಿದ್ದೇನೆ. ಹೊರಗೆ ಇಂಧನ ತುಂಬಿಸುತ್ತಿದ್ದಾರೆ. ಕಾಗದ ಒಂದು ಗಂಟೆಯಲ್ಲಿ ನಿನ್ನ ಹತ್ತಿರ ಇರುತ್ತದೆ, ಅದನ್ನು ಬರೆದ ಕೈ ಇಲ್ಲೇ ಇರುತ್ತದೆ. ನನಗಿನ್ನೂ ಅರ್ಥವಾಗಿಲ್ಲ. ಅಳೆಯುವ ಪೆಟ್ಟಿಗೆಗೆ ಒಂದು ದೂರ, ಕಾಗದಕ್ಕೆ ಒಂದು ದೂರ, ಮುದುಕಿಗೆ ಒಂದು ದೂರ ಎಂದು ಮೂರು ಬೇರೆ ಬೇರೆ ಇಟ್ಟವರು ಯಾರು? ಅಮೌಟಿಯನ್ನು ಕಾಗದದ ಜೊತೆ ಕಳಿಸಿದ್ದೇನೆ. ಟೊಪ್ಪಿಗೆಯ ಅಂಚಿಗೆ ನರಿಯ ತುಪ್ಪಳ ಹಾಕಿದ್ದೇನೆ, ಅಮಾಲಿಯೆ ನಾಯಿಯ ತುಪ್ಪಳವೇ ಒಳ್ಳೆಯದು ಎಂದು ಮೂಗು ಮುರಿಯಬಹುದು, ಮುರಿಯಲಿ. ಮೀನಿನ ವಾಸನೆ ಹತ್ತಿದೆ, ಎರಡು ದಿನ ಹೊರಗೆ ಹಾಕು. ಅಮಾಲಿಯೆಗೂ ನಿನ್ನ ಮಾವನಿಗೂ ನಾನು ಕೇಳಿದೆ ಎಂದು ಹೇಳು. ಇಮಿನಾಗೆ ಬುದ್ಧಿ ಹೇಳಿದ್ದೇನೆ ಎಂದು ಹೇಳು. ಅಜ್ಜಿಯಾಗಿ ನಿನ್ನ ತಲೆಯ ಮೇಲೆ ಕೈಯಿಡಲೋ, ಮಗಳಾಗಿ ನಿನ್ನ ಮಡಿಲಲ್ಲಿ ತಲೆಯಿಡಲೋ ಗೊತ್ತಾಗುತ್ತಿಲ್ಲ, ಎರಡನ್ನೂ ಇಲ್ಲಿಂದಲೇ ಮಾಡಿದ್ದೇನೆ, ತೆಗೆದುಕೋ.

ನಿನ್ನ ಮಗಳು,
ತಿರಿಯಾಕ್

ಮರೆತೆ, ಇಂಜಿನ್ ಶುರುವಾಗಿದೆ, ಜೊವೇಲಿ ಬಾಗಿಲಲ್ಲಿ ನಿಂತು ಕೊಡೇ ದೊಡ್ಡಮ್ಮ ಕೊಡೇ ಎಂದು ಬಡಿದುಕೊಳ್ಳುತ್ತಿದ್ದಾನೆ. ಮಗುವಿಗೆ ಊಲಯುಕ್ ಬೇಡ. ನನ್ನ ಹೆಸರಿಡು. ಗಂಡಾಗಲಿ ಹೆಣ್ಣಾಗಲಿ, ತಿರಿಯಾಕ್. ಬದುಕಿರುವವರ ಹೆಸರು ಇಡುವುದಿಲ್ಲ ಎಂದು ಅಮಾಲಿಯೆ ತಗಾದೆ ತೆಗೆದರೆ, ನಮ್ಮ ಕಡೆ ಇಡುತ್ತೇವೆ ಎನ್ನು, ಬಿಡಬೇಡ. ನಿನ್ನ ಅಜ್ಜ ಮುಂದಿನ ಮಗುವಿನವರೆಗೆ ಕಾಯಲಿ, ಬದುಕಿದ್ದಷ್ಟು ದಿನವೂ ನನ್ನನ್ನು ಕಾಯಿಸಿದವನು. ನೋವು ಶುರುವಾದ ಕೂಡಲೇ ನನ್ನ ಹೆಸರು ಹಿಡಿದು ಗಟ್ಟಿಯಾಗಿ ಕೂಗು. ಕಳೆದ ಸಲ ನೀನು ಕೂಗಿದಾಗ ನಾನು ಬರಲಿಲ್ಲ. ಈ ಸಲ ದಾದಿಗಿಂತ ಮೊದಲು, ಎಲ್ಲರಿಗಿಂತ ಮೊದಲು ಬಂದು ನಿನ್ನ ಎದೆಯ ಮೇಲೆ ಬೀಳುತ್ತೇನೆ. ಹಿಡಿದುಕೋ ಅಮ್ಮಾ.